ಪಾಸಾಗಲು ಬಂದವರ ರಕ್ತ

ಕಳಮಶ್ಶೇರಿಯಲ್ಲಿ ಲ್ಯಾಬ್ ಟೆಕ್ನಾಲಜಿ ಓದುತ್ತಿರುವ ಇಬ್ಬರು ಹುಡುಗಿಯರು ಮೊನ್ನೆ ಮೆಟ್ರೋದಲ್ಲಿ ನನ್ನ ಪಕ್ಕ ಕುಳಿತಿದ್ದರು. ನಾನು ಫೋನಿನಲ್ಲಿ ಕನ್ನಡದಲ್ಲಿ ಜಗಳಾಡುತ್ತಿದ್ದುದನ್ನು ಕೇಳಿ, ಜಗಳ ಮುಗಿಯುವವರೆಗೆ ಮರ್ಯಾದೆಯಿಂದ ಕಾದು, ಆಮೇಲೆ ಪರಿಚಯ ಮಾಡಿಕೊಂಡರು. ಒಬ್ಬಳು ಮಂಜೇಶ್ವರದವಳು, ಇನ್ನೊಬ್ಬಳು ಹಾಸನದವಳು. ನಾನು ರಕ್ತ ಪರೀಕ್ಷೆಯ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಂಡು ನಿವೃತ್ತಳಾದವಳು ಎಂದು ಗೊತ್ತಾದ ಕೂಡಲೇ ಮಂಜೇಶ್ವರದವಳು ಕೇಳಿದಳು: "ಈಗ ಎಲ್ಲ ಮೆಷಿನ್ನೇ ಮಾಡ್ತದಲ್ಲಾ ಆಂಟಿ, ಇನ್ನು ನಮಗೆ ಎಂತ ಕೆಲಸ ಉಳೀತದೆ?" ಅಷ್ಟರಲ್ಲಿ ಎಡಪ್ಪಳ್ಳಿ ಬಂತು, ನಾನು ಇಳಿದೆ. ಇಳಿದ ಮೇಲೆ ಉತ್ತರ ಹೊಳೆಯುವುದು ನನ್ನ ಹಳೆಯ ಕಾಯಿಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವು ಬಂದವು, ಬಂದಾಗ ಲಡ್ಡು ಹಂಚಿದೆ, ಕುರ್ಚಿ ಮಾತ್ರ ಅದೇ ಇತ್ತು. ನನಗೆ ನಿಜವಾಗಿ ತಿಳಿದ ಬಡ್ತಿಗಳು ಬೇರೆ. ತಿರುವನಂತಪುರದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೂಜಿ ಹಿಡಿದು ನಿಂತರೆ ಮುದುಕರು "ಮೋಳೇ, ನೋವಾಗದ ಹಾಗೆ ಚುಚ್ಚು" ಎನ್ನುತ್ತಿದ್ದರು. ಮೋಳೇ ಎಂದರೆ ಮಗಳೇ. ಕೆಲವು ವರ್ಷಕ್ಕೆ ಚೇಚಿ, ಅಂದರೆ ಅಕ್ಕ ಆದೆ. ಕೊನೆಗೆ ಒಂದು ಬೆಳಗ್ಗೆ ನನಗಿಂತ ಹಿರಿಯರೇ ಒಬ್ಬರು "ಅಮ್ಮಾ" ಎಂದು ಕರೆದು ತೋಳು ಚಾಚಿದಾಗ, ನಿವೃತ್ತಿ ಹತ್ತಿರ ಬಂತು ಎಂದು ತಿಳಿಯಿತು.

ಕೊನೆಯ ವರ್ಷಗಳಲ್ಲಿ ನಾನಿದ್ದದ್ದು ಒಂದು ಸಂಶೋಧನೆಯ ಕೆಲಸದಲ್ಲಿ. ವಯಸ್ಸಾದವರ ಮನಸ್ಸು ಕುಗ್ಗಿದಾಗ ಅವರ ರಕ್ತದಲ್ಲಿ ಅದರ ಗುರುತೇನಾದರೂ ಸಿಗುತ್ತದೆಯೇ ಎಂದು ನೋಡುವುದು ಅದರ ಉದ್ದೇಶ. ಒಂದು ಕಡೆ ರಕ್ತ ತೆಗೆದು ಬಿ ಟ್ವೆಲ್ವ್ ಜೀವಸತ್ವ, ಥೈರಾಯ್ಡ್, ಸೋಡಿಯಂ, ಪ್ರೋಟೀನು, ಉರಿಯೂತದ ಗುರುತು, ಒತ್ತಡದ ಹಾರ್ಮೋನು ಅಳೆಯುವುದು. ಇನ್ನೊಂದು ಕಡೆ ಮನಸ್ಸಿನ ಬಗ್ಗೆ ಕೆಲವು ಪ್ರಶ್ನೆ ಕೇಳಿ ಅಂಕ ಹಾಕುವುದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಮುಖ್ಯ ಲ್ಯಾಬ್ ತಿರುವನಂತಪುರದಲ್ಲಿ, ಚಿಕ್ಕ ಶಾಖೆ ಕೊಚ್ಚಿಯ ಕಲೂರಿನಲ್ಲಿ. ಶಾಖೆ ನನ್ನ ಉಸ್ತುವಾರಿಯಲ್ಲಿತ್ತು. ನಿಮ್ಮ ಕುತೂಹಲ ಈಗಲೇ ತಣಿಸಿಬಿಡುತ್ತೇನೆ: ದುಃಖಕ್ಕೆ ರಕ್ತದಲ್ಲಿ ಒಂದು ಅಂಕಿ ಇಲ್ಲ. ಇದ್ದಿದ್ದರೆ ಮದುವೆ ಮಾತುಕತೆಯಲ್ಲಿ ಜಾತಕದ ಜೊತೆ ಅದನ್ನೂ ಕೇಳುತ್ತಿದ್ದರು. ಇರುವುದು ಸುಳಿವುಗಳು ಮಾತ್ರ. ಕೆಲವು ಕೊರತೆಗಳು ಮನಸ್ಸನ್ನು ಕುಗ್ಗಿಸುತ್ತವೆ, ಕುಗ್ಗಿದ ಮನಸ್ಸು ಊಟ ಬಿಡಿಸಿ ಕೆಲವು ಕೊರತೆಗಳನ್ನು ತರುತ್ತದೆ. ಯಾವುದು ಮೊದಲು ಎಂದು ಕೇಳಿದರೆ ದೊಡ್ಡ ಡಾಕ್ಟರುಗಳೂ ಕಾಫಿ ಕುಡಿಯಲು ಎದ್ದು ಹೋಗುತ್ತಾರೆ.

ನಮ್ಮ ಮುಖ್ಯಸ್ಥೆ ಏಲಿಯಾಮ್ಮ ಮೇಡಂ ತಿರುವನಂತಪುರದಲ್ಲಿ ಕೂರುತ್ತಿದ್ದರು. ಕುಳ್ಳಗಿನ ಹೆಂಗಸು, ದೊಡ್ಡ ಕನ್ನಡಕ, ಕೈಯಲ್ಲಿ ಯಾವಾಗಲೂ ಒಂದು ಸ್ಟೀಲ್ ಸ್ಕೇಲು. ಕಂಪ್ಯೂಟರ್ ಪರದೆಯ ಮೇಲೂ ಸಾಲಿನ ಕೆಳಗೆ ಸ್ಕೇಲು ಇಟ್ಟೇ ಅಂಕಿ ಓದುತ್ತಿದ್ದರು. ಬೈಗುಳಕ್ಕೆ ಅವರ ಹತ್ತಿರ ಮಲಯಾಳಂ, ಇಂಗ್ಲಿಷ್ ಎರಡರಲ್ಲೂ ಧಾರಾಳ ಸಂಗ್ರಹವಿತ್ತು. ಹೊಗಳಿಕೆಗೆ ಒಂದೇ ಪದ, "ಓಕೆ". ಅದೂ ವರ್ಷಕ್ಕೊಮ್ಮೆ ಹೊರಬಂದರೆ ನಾವು ಪರಸ್ಪರ ಫೋನ್ ಮಾಡಿ ಹೇಳಿಕೊಳ್ಳುತ್ತಿದ್ದೆವು. ಅವರಿಗೆ ನಾನು ಹೆದರುತ್ತಿದ್ದೆ. ಅವರಷ್ಟು ಇಷ್ಟವಾದ ಮೇಲಧಿಕಾರಿ ಇನ್ನೊಬ್ಬರಿರಲಿಲ್ಲ ಎಂಬುದೂ ನಿಜ.

ಮೊದಮೊದಲು ಕೊಚ್ಚಿಯ ಸ್ಯಾಂಪಲ್‌ಗಳು ತಿರುವನಂತಪುರಕ್ಕೆ ಹೋಗುತ್ತಿದ್ದುದು ಬೆಳಗಿನ ರೈಲಿನಲ್ಲಿ, ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ನನ್ನ ಕಾಲ ಬಳಿ. ಕೇರಳದಲ್ಲಿ ಅಂಥ ಪೆಟ್ಟಿಗೆಯೊಳಗೆ ಒಂದೇ ವಸ್ತು ಇರಲು ಸಾಧ್ಯ ಎಂದು ಎಲ್ಲರಿಗೂ ಖಾತ್ರಿ. ಕೋಟ್ಟಯಂ ದಾಟುವುದರೊಳಗೆ ಯಾರಾದರೂ ಬಗ್ಗಿ "ಮೀನು ಯಾವುದು, ಕರಿಮೀನಾ?" ಎಂದು ಕೇಳಿಯೇ ಕೇಳುತ್ತಿದ್ದರು. ಮುದುಕರ ರಕ್ತ ಎಂದು ಒಮ್ಮೆ ನಿಜ ಹೇಳಿ ನೋಡಿದೆ. ಇಡೀ ಬೆಂಚು ಖಾಲಿಯಾಗಿ ಕೊಲ್ಲಂವರೆಗೆ ಕಾಲು ಚಾಚಿಕೊಂಡು ಹೋದೆ. ಆಮೇಲೆ ಜನ ಜಾಸ್ತಿ ಇದ್ದ ದಿನ ನಿಜವನ್ನೇ ಹೇಳುತ್ತಿದ್ದೆ.

ಒತ್ತಡದ ಹಾರ್ಮೋನಿನ ಕಥೆಯನ್ನು ನೀವು ತಿಳಿದಿರಬೇಕು. ತಿರುವನಂತಪುರದಲ್ಲಿ ಬೆಳಗ್ಗೆ ಬೆಳಗ್ಗೆ ಮನೆಮನೆಗೆ ಹೋಗಿ ರಕ್ತ ತೆಗೆಯುತ್ತಿದ್ದೆವು. ಎಲ್ಲ ಅಜ್ಜಿಯರಿಗೂ ಆ ಹಾರ್ಮೋನು ಮೇಲಕ್ಕೆ. ನಗರದ ವೃದ್ಧೆಯರೆಲ್ಲ ಘೋರ ಒತ್ತಡದಲ್ಲಿದ್ದಾರೆ ಎಂದು ವರದಿ ಬರೆಯುವ ಹಂತಕ್ಕೆ ಬಂದಿದ್ದೆವು. ಏಲಿಯಾಮ್ಮ ಮೇಡಂ ಒಂದು ದಿನ ತಾವೇ ಜೊತೆಗೆ ಬಂದರು. ಮನೆಯ ಅಜ್ಜಿ ನಸುಕಿನಲ್ಲೇ ಎದ್ದು, ತಣ್ಣೀರು ಸ್ನಾನ ಮಾಡಿ, ಅಂಗಳ ಗುಡಿಸಿ, ದೇವಸ್ಥಾನಕ್ಕೆ ಹೋಗಿ ಬಂದು, ಜರಿ ಅಂಚಿನ ಕಸವು ಸೀರೆ ಉಟ್ಟು, ರಕ್ತ ತೆಗೆಯಲು ಬರುವವರಿಗೆಂದು ಅಕ್ಕಿಹಿಟ್ಟಿನ ಪುಟ್ಟು ಬೇಯಿಸಿ, ಏದುಸಿರು ಬಿಡುತ್ತಾ ತೋಳು ಚಾಚಿದರು. ಆ ಒತ್ತಡ ನಾವೇ. ನಾವು ಬರುತ್ತೇವೆ ಎಂದು ತಿಳಿಸಿದ್ದೇ ಅದಕ್ಕೆ ಕಾರಣ. ಅಂದಿನಿಂದ ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂರಿಸಿ ಆಮೇಲೆ ಚುಚ್ಚುವ ಪದ್ಧತಿ ಬಂತು. ಪುಟ್ಟು ಮಾತ್ರ ನಿಲ್ಲಲಿಲ್ಲ. ನಾವೂ ನಿಲ್ಲಿಸಲು ಹೇಳಲಿಲ್ಲ.

ಪ್ರಶ್ನೆ ಕೇಳುವುದು ಇದಕ್ಕಿಂತ ಕಷ್ಟ. ದಿನ ಕಳೆಯುವುದು ಭಾರವೆನಿಸುತ್ತದೆಯೇ, ಮೊದಲು ಹಿಡಿಸುತ್ತಿದ್ದುದು ಈಗಲೂ ಹಿಡಿಸುತ್ತದೆಯೇ, ಇಂಥವು ನಮ್ಮ ಪ್ರಶ್ನೆಗಳು. ಅಜ್ಜಿಯನ್ನು ಕೇಳಿದರೆ ಮಗ ಉತ್ತರಿಸುತ್ತಿದ್ದ, ಅವನನ್ನು ತಿದ್ದಲು ಸೊಸೆ ಬಾಯಿ ಹಾಕುತ್ತಿದ್ದಳು, ಟಿವಿ ನೋಡುತ್ತಿದ್ದ ಮೊಮ್ಮಗಳು ಅಲ್ಲಿಂದಲೇ "ಅಮ್ಮಮ್ಮ ಫುಲ್ ಹ್ಯಾಪಿ" ಎಂದು ಷರಾ ಬರೆಯುತ್ತಿದ್ದಳು. ಯಾರ ಮನಸ್ಸಿನ ವಿಷಯವೋ ಅವರು ನಮಗೆ ಇನ್ನೊಂದು ತುಂಡು ಹಣ್ಣು ತಿನ್ನಿ ಎನ್ನುತ್ತಿದ್ದರು. ರಕ್ತದಲ್ಲಿ ಏನಾದರೂ ಕಡಿಮೆ ಬಂದರೆ ಮನೆಯವರಿಗೆ ಎಷ್ಟೋ ಸಮಾಧಾನ. ಕೊರತೆಗೆ ಗುಳಿಗೆ ನುಂಗಿಸಬಹುದು, ಪಕ್ಕದ ಮನೆಯವರಿಗೂ ಹೇಳಬಹುದು. ಎಲ್ಲ ಸರಿಯಿದೆ, ಮನಸ್ಸೇ ಸೋತಿದೆ ಎಂದರೆ ಮಾತ್ರ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಈಗ ಎಡಪ್ಪಳ್ಳಿಯ ವಿಷಯಕ್ಕೆ ಬರುತ್ತೇನೆ. ದೊಡ್ಡ ಮಾಲ್‌ನ ಹಿಂದಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಹಿರಿಯರೇ ಜಾಸ್ತಿ. ಬ್ಯಾಂಕು, ರೈಲ್ವೆ, ಕೇಂದ್ರ ಸರ್ಕಾರದ ಕಚೇರಿಗಳಿಂದ ನಿವೃತ್ತರಾದವರು. ಅವರ ಸಂಘದ ಕಾರ್ಯದರ್ಶಿ ದೇಶಪಾಂಡೆ ಎಂಬ ಧಾರವಾಡದವರು; ಲೆಕ್ಕಪರಿಶೋಧನೆಯ ಇಲಾಖೆಯಲ್ಲಿದ್ದು ವರ್ಗವಾಗಿ ಕೊಚ್ಚಿಗೆ ಬಂದು ಇಲ್ಲೇ ನಿಂತವರು. ನಮ್ಮ ಶಿಬಿರಕ್ಕೆ ಅವರೇ ಮುಂದಾಗಿ ಒಪ್ಪಿದರು. ತಿಂಗಳು ಮುಂಚಿತವಾಗಿ ನೋಟೀಸು ಅಂಟಿಸಿದರು. ಇಷ್ಟು ಸಹಕಾರ ಯಾವ ಬಡಾವಣೆಯಲ್ಲೂ ಸಿಕ್ಕಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಶಿಬಿರದ ದಿನ ಸಾಲು ನಿಲ್ಲಿಸುತ್ತಿದ್ದವರು ಅವರ ಹೆಂಡತಿ ಸುಶೀಲಾಬಾಯಿ. ಬ್ಯಾಂಕಿನಲ್ಲಿದ್ದಾಗ ಗುಮಾಸ್ತರನ್ನು ಬಡ್ತಿ ಪರೀಕ್ಷೆಗೆ ತಯಾರು ಮಾಡುವುದೇ ಅವರ ಕೆಲಸವಾಗಿತ್ತಂತೆ. ಸಣ್ಣ ಆಳು, ಗಟ್ಟಿ ದನಿ, ಧಾರವಾಡದ ಏರಿಳಿತದ ಮಲಯಾಳಂ. ನಾನು ಜೊತೆಯವಳಿಗೆ ಏನೋ ಹೇಳುವಾಗ ಬಾಯಿ ತಪ್ಪಿ ಕನ್ನಡ ಬಂತು. ಅವರು ಗಕ್ಕನೆ ನಿಂತರು.

"ಅಯ್ಯ, ಕನ್ನಡದವರೇನ್ರೀ? ಯಾವ ಊರು?"

"ಕುಂಬಳೆ. ಕಾಸರಗೋಡಿನ ಹತ್ರ."

"ಅದು ಕೇರಳದೊಳಗ ಅದ ಅಲ್ಲೇನ್ರೀ?"

"ಹೌದು, ಆದ್ರೆ ಮನೆಯಲ್ಲಿ ಮಾತಾಡುದು ಕನ್ನಡವೇ."

"ಭಾಳ ಛಲೋ ಆತು" ಎಂದು ನನ್ನೆದುರು ಕುಳಿತು ತೋಳು ಚಾಚಿದರು. ಟ್ಯೂಬು ತುಂಬಿ, ಹತ್ತಿ ಒತ್ತಿ, ಪಟ್ಟಿ ಅಂಟಿಸಿದ ಮೇಲೂ ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದೇ ಇದ್ದರು. ಸೂಜಿಯ ಹೆದರಿಕೆ ಎಂದುಕೊಂಡೆ. ಆಮೇಲೆ ಎಲ್ಲರಿಗೂ ಉಪ್ಪಿಟ್ಟು ಬಡಿಸಿದರು. ನೀವು ಎಂದು ಕೇಳಿದರೆ "ನಂದಾತು" ಎಂದರು. ರಕ್ತ ಕೊಟ್ಟು ಪ್ರಶ್ನೆಗೆ ಉತ್ತರ ಹೇಳಿ ಬಂದವರಿಗೆ ಯಾವಾಗ ಆಯಿತು ಎಂದು ನಾನು ಯೋಚಿಸಲಿಲ್ಲ. ಉಪ್ಪಿಟ್ಟು ಚೆನ್ನಾಗಿತ್ತು.

ಫಲಿತಾಂಶ ಬಂದಾಗ ತಿರುವನಂತಪುರದಿಂದ ಫೋನ್ ಬಂತು. "ನಾಳೆ ಬೆಳಗ್ಗೆ ಇಲ್ಲಿರು." ಇರದೇ ಏನು ಮಾಡಲಿ, ರೈಲು ಹತ್ತಿದೆ. ಮೇಡಂ ಸ್ಕೇಲನ್ನು ಪರದೆಯ ಮೇಲಿಟ್ಟು ಒಂದೊಂದೇ ಸಾಲು ಕೆಳಗೆ ಜಾರಿಸಿದರು. ಇಡೀ ಅಪಾರ್ಟ್‌ಮೆಂಟಿಗೆ ಮನಸ್ಸಿನ ಪ್ರಶ್ನೆಗಳಲ್ಲಿ ಪೂರ್ತಿ ಅಂಕ. ಒಬ್ಬರಿಗೂ ಒಂದು ಬೇಸರವಿಲ್ಲ, ಒಂದು ದಿನ ನಿದ್ದೆ ಕೆಟ್ಟಿಲ್ಲ, ನಾಳೆಯ ಚಿಂತೆ ಎಂಬುದೇ ಗೊತ್ತಿಲ್ಲ. ಸಾಲದ್ದಕ್ಕೆ ಬಿ ಟ್ವೆಲ್ವ್ ಹೆಚ್ಚುಕಡಿಮೆ ಎಲ್ಲರಿಗೂ ಆಕಾಶದಲ್ಲಿ. ಯಂತ್ರ ಅಂಕಿ ಕೊಡುವುದನ್ನೇ ಬಿಟ್ಟು "ನನ್ನ ಮಿತಿಗಿಂತ ಹೆಚ್ಚು" ಎಂಬ ಬಾಣದ ಗುರುತು ಹಾಕಿ ಸುಮ್ಮನಾಗಿತ್ತು.

"ಇದು ಅಪಾರ್ಟ್‌ಮೆಂಟಾ, ಸ್ವರ್ಗವಾ?" ಎಂದರು ಮೇಡಂ. ಯಂತ್ರ ಕೆಟ್ಟಿರಬೇಕೆಂದು ಅದನ್ನು ಸರಿನೋಡಿ ಮತ್ತೆ ಓಡಿಸಿದೆವು. ಮತ್ತೆ ಸ್ವರ್ಗವೇ ಬಂತು. ಕೊನೆಗೆ ಆ ಕಟ್ಟಡದ ಮ್ಯಾಥ್ಯೂ ಸಾರ್ ಎಂಬ ನಿವೃತ್ತ ಹೆಡ್‌ಮಾಸ್ಟರರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿದೆ. ನಾನು ಹೆಸರು ಹೇಳಿದ್ದೇ ತಡ, ಅವರು ಮಲಯಾಳಂನಲ್ಲಿ ಕೇಳಿದ ಮೊದಲ ಮಾತು: "ಎಲ್ಲರೂ ಪಾಸಾದೆವು ತಾನೇ?"

ಸಂಗತಿ ಹೀಗಿತ್ತು. ಬದುಕಿಡೀ ಇಲಾಖಾ ಪರೀಕ್ಷೆ ಬರೆದು ಮೇಲೆ ಬಂದ ಜನ. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ತಯಾರಿ ಮಾಡದೇ ಇರುವುದು ಅವರಿಂದ ಆಗದ ಕೆಲಸ. ಹಿಂದಿನ ಶಿಬಿರಕ್ಕೆ ಹೋಗಿದ್ದ ಯಾರದೋ ನಂಟರಿಂದ ದೇಶಪಾಂಡೆಯವರು ಪ್ರಶ್ನೆಗಳನ್ನು ಸಂಪಾದಿಸಿದ್ದರು. ಪ್ರತಿ ಸಂಜೆ ವಾಕಿಂಗ್ ಮುಗಿದ ಮೇಲೆ ಹಾಲ್‌ನಲ್ಲಿ ಸುಶೀಲಾಬಾಯಿಯ ತರಗತಿ. "ದಿನ ಭಾರ ಅನ್ನಿಸುತ್ತದೆಯೇ?" ಎಂದು ಅವರು ಕೇಳಿದರೆ ಎಲ್ಲರೂ ಒಕ್ಕೊರಲಿನಿಂದ ಇಲ್ಲ ಎನ್ನಬೇಕು. ತಡವರಿಸಿದವರಿಗೆ ಮತ್ತೊಮ್ಮೆ. ತರಗತಿ ಮುಗಿದು ಹೋಗುವಾಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಅಂಗೈಗೂ ಬಿ ಟ್ವೆಲ್ವ್ ಗುಳಿಗೆ ಹಾಕುತ್ತಿದ್ದವರೂ ಅವರೇ. ಬೇರೆ ಅಪಾರ್ಟ್‌ಮೆಂಟಿನವರ ಮುಂದೆ ಮಾನ ಹೋಗಬಾರದಲ್ಲ ಎಂದರು ಮ್ಯಾಥ್ಯೂ ಸಾರ್.

ಮೇಡಂ ಫೋನ್ ಇಟ್ಟು, ಸಂಗ್ರಹದಿಂದ ಕೆಲವು ಪದಗಳನ್ನು ಆರಿಸಿ ಬಳಸಿದರು. ಆಮೇಲೆ ಇಡೀ ಕಟ್ಟಡವನ್ನು ಅಧ್ಯಯನದಿಂದ ತೆಗೆದುಹಾಕುವುದೆಂದು ತೀರ್ಮಾನಿಸಿದರು. ತೆಗೆದುಹಾಕಿದರೆ ಆ ಅಂಕಿಗಳನ್ನು ಮತ್ತೆ ಯಾರೂ ನೋಡುವುದಿಲ್ಲ. ನಾನು ಪಟ್ಟಿಯ ಕೊನೆಯ ಸಾಲು ತೋರಿಸಿ ನಕ್ಕೆ. ಅಲ್ಲೊಬ್ಬರಿಗೆ ಬಿ ಟ್ವೆಲ್ವ್ ಪಾತಾಳದಲ್ಲಿತ್ತು. "ನೋಡಿ ಮೇಡಂ, ಇಷ್ಟು ಕಳ್ಳರ ನಡುವೆ ಒಬ್ಬರಾದರೂ ಸತ್ಯವಂತರಿದ್ದಾರೆ."

ಮೇಡಂ ನಗಲಿಲ್ಲ. ಸ್ಕೇಲನ್ನು ಆ ಸಾಲಿನ ಕೆಳಗಿಟ್ಟು ಎಡದಿಂದ ಬಲಕ್ಕೆ ಓದಿದರು. ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, ಬಹಳ ಕಡಿಮೆ. ಲ್ಯಾಬಿನಿಂದ ತುರ್ತು ಫೋನ್ ಹೋಗುವ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿದ್ದುದರಿಂದ ಯಂತ್ರ ಕೂಗಿರಲಿಲ್ಲ. ಪ್ರೋಟೀನೂ ಕಡಿಮೆ. ಮನಸ್ಸಿನ ಅಂಕ ಮಾತ್ರ ಪೂರ್ತಿ.

"ಇವರು ಊಟ ಮಾಡುತ್ತಿಲ್ಲ" ಎಂದರು. "ಯಾರಿದು?"

ತಿರುವನಂತಪುರದಲ್ಲಿ ಇರುತ್ತಿದ್ದುದು ಸಂಖ್ಯೆ ಮಾತ್ರ. ಹೆಸರು ಕಲೂರಿನಲ್ಲಿ ಬೀಗದೊಳಗೆ. ಜೀವಕ್ಕೆ ತೊಂದರೆ ಎನಿಸಿದರೆ ಮಾತ್ರ ತೆರೆಯಬಹುದೆಂದು ನಿಯಮ. ಮೇಡಂ ಅಪ್ಪಣೆ ಕೊಟ್ಟರು, ನಾನು ಕಲೂರಿಗೆ ಫೋನ್ ಮಾಡಿದೆ. ಅತ್ತಲಿಂದ ಹೇಳಿದ ಹೆಸರು ಕೇಳಿ ನನ್ನ ನಗು ಅಲ್ಲೇ ಇಂಗಿತು. ಸುಶೀಲಾಬಾಯಿ.

"ಗುಳಿಗೆ ಹಂಚಿದವರೇ ಇವರು" ಎಂದೆ.

ಮೇಡಂ ಕನ್ನಡಕ ತೆಗೆದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಎಲ್ಲರಿಗೂ ಕೊಟ್ಟು ತಾನೊಂದೂ ನುಂಗದವರು ಸತ್ಯವಂತರಲ್ಲ. ಅವರಿಗೆ ಪಾಸಾಗುವುದೇ ಬೇಡವಾಗಿದೆ. ಈ ಸೋಡಿಯಂ ಇಟ್ಟುಕೊಂಡು ಇವತ್ತೋ ನಾಳೆಯೋ ಬಚ್ಚಲಲ್ಲಿ ಬೀಳುತ್ತಾರೆ. ಅಥವಾ ಏನೇನೋ ಮಾತಾಡಲು ಶುರು ಮಾಡುತ್ತಾರೆ. ವಯಸ್ಸಾಯಿತು, ಅರಳುಮರಳು ಎಂದು ಮನೆಯವರು ಸುಮ್ಮನಾಗುತ್ತಾರೆ. ಅಲ್ಲಿಂದ ಹಿಂದಕ್ಕೆ ತರುವುದು ಕಷ್ಟ. ನೀನು ಅವರ ಭಾಷೆಯವಳಲ್ಲವಾ? ಈಗಲೇ ಹೊರಡು. ಆಸ್ಪತ್ರೆಗೆ ನಾನು ಹೇಳಿರುತ್ತೇನೆ."

ವಾಪಸು ರೈಲಿನಲ್ಲಿ ನನಗೆ ಹೆದರಿಕೆಯಾಗಿತ್ತು. ಮಣಿಕಟ್ಟು ಹಿಡಿದು ಕುಳಿತ ಹೆಂಗಸು ಕಣ್ಣ ಮುಂದಿದ್ದರು. ದೇಶಪಾಂಡೆಯವರಿಗೆ ಫೋನ್ ಮಾಡಿ ಮನೆಯಲ್ಲೇ ಇರಿ, ಬರುತ್ತಿದ್ದೇನೆ ಎಂದೆ. ಫಲಿತಾಂಶ ಕೊಡಲು ಬರುತ್ತಿದ್ದೇನೆ ಎಂದು ಅವರು ಖುಷಿಪಟ್ಟರು.

ಮಧ್ಯಾಹ್ನ ಕಳೆದಿತ್ತು. ಬಾಗಿಲು ತೆಗೆದವರು ಅವರೇ, ಕೈಯಲ್ಲಿ ಮಡಿಚಿದ ಪೇಪರು. "ಬರ್ರಿ, ಕೂಡ್ರಿ. ಫುಲ್ ಮಾರ್ಕ್ಸ್ ಬಂದಾವಲ್ಲಾ ಎಲ್ಲಾರ್ಗೂ?" ಸುಶೀಲಾಬಾಯಿ ಅಡುಗೆಮನೆಯಿಂದ ಬಂದರು. ಗೋಡೆ ಹಿಡಿದುಕೊಂಡು ಬಂದರು ಎಂಬುದನ್ನು ಈ ಸಲ ನೋಡಿದೆ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ದೇಶಪಾಂಡೆಯವರಿಗೆ ಸಿಟ್ಟು ಬಂತು.

"ನಿಮ್ಮ ಮಷೀನ್ ತಪ್ಪು ಅದ ರೀ. ಒಂದೇ ಮನಿ, ಒಂದೇ ಅಡಗಿ. ನಂದು ಅಷ್ಟು ಹೆಚ್ಚು, ಅಕಿದು ಇಷ್ಟು ಕಡಿಮಿ. ಹೆಂಗ ತಾಳೆ ಆಗ್ತದ?"

"ಅದನ್ನೇ ನಾನು ನಿಮ್ಮ ಹತ್ರ ಕೇಳ್ಲಿಕ್ಕೆ ಬಂದದ್ದು. ಇವರು ಊಟ ಮಾಡುದನ್ನು ನೀವು ಕಡೆಗೆ ನೋಡಿದ್ದು ಯಾವಾಗ?"

"ದಿನಾ ಉಣ್ತಾಳಲ್ಲರೀ. ನನಗ ಬಡಿಸಿ ಆಮ್ಯಾಲೆ ಉಣ್ತಾಳ."

"ನೋಡಿದ್ದೀರಾ?"

ದೇಶಪಾಂಡೆಯವರು ಊಟವಾದ ಕೂಡಲೇ ಮಲಗುವ ಮನುಷ್ಯ. ಲೆಕ್ಕ ತಾಳೆಯಾಗದ ಕಡತಗಳನ್ನು ಆಯುಷ್ಯವಿಡೀ ಹಿಡಿದು ನಿಲ್ಲಿಸಿದವರು, ತಮ್ಮ ಮನೆಯದನ್ನು ಈಗ ಹುಡುಕುತ್ತಿದ್ದರು. ಹೆಂಡತಿಯ ಕಡೆ ತಿರುಗಿ "ಸುಶೀಲಾ, ಉಂಡೀಯಿಲ್ಲೋ?" ಎಂದು ಕೇಳಿದರು. ಸುಶೀಲಾಬಾಯಿ ನನಗೆ ಚಹಾ ಮಾಡುತ್ತೇನೆಂದು ಎದ್ದು, ಎದ್ದಲ್ಲೇ ತೂಗಾಡಿದರು. ಇಬ್ಬರೂ ಹಿಡಿದುಕೊಂಡೆವು. ಆಸ್ಪತ್ರೆಗೆ ಹೋಗುವ ಆಟೋದಲ್ಲೂ ದೇಶಪಾಂಡೆಯವರ ಪೇಪರು ಕೈಯಲ್ಲೇ ಇತ್ತು.

ಉಪ್ಪಿನಂಶವನ್ನು ನಿಧಾನವಾಗಿ ಏರಿಸಬೇಕು, ಅವಸರ ಮಾಡಿದರೆ ಮಿದುಳಿಗೆ ಅಪಾಯ. ಆಸ್ಪತ್ರೆಯವರು ಹಾಗೇ ಮಾಡಿದರು. ಕೆಲವು ದಿನದ ಮೇಲೆ ಸುಶೀಲಾಬಾಯಿ ದಿಂಬಿಗೊರಗಿ ಕೂರುವ ಹಾಗಾದಾಗ ನಾನು ಪ್ರಶ್ನೆಗಳನ್ನು ಮತ್ತೆ ಕೇಳಲು ಹೋದೆ, ಈ ಸಲ ಕನ್ನಡದಲ್ಲಿ. ಗಂಡನನ್ನು ಪರದೆಯ ಆಚೆ ನಿಲ್ಲಿಸಿದೆ. ದಿನ ಕಳೆಯುವುದು ಭಾರ ಅನ್ನಿಸುತ್ತದೆಯೇ ಎಂಬುದರಿಂದ ಶುರು ಮಾಡಿದೆ.

ಅವರು ನನ್ನನ್ನು ನೋಡಿದರು. "ಸರಿ ಉತ್ತರ ಹೇಳ್ಲೋ, ಖರೇ ಉತ್ತರ ಹೇಳ್ಲೋ?"

ಇಷ್ಟು ವರ್ಷ ಎಷ್ಟೋ ಜನರಿಗೆ ಆ ಪ್ರಶ್ನೆ ಕೇಳಿದ್ದೆ. ಯಾರೂ ಹೀಗೆ ಕೇಳಿರಲಿಲ್ಲ. ಖರೇದು ಎಂದೆ.

ಅವರಿಗೆ ಹುಬ್ಬಳ್ಳಿಯಲ್ಲಿ ಇಂದಿರಾ ಎಂಬ ಅಕ್ಕ ಇದ್ದರು. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಫೋನಿನಲ್ಲಿ ಜಗಳಾಡುತ್ತಿದ್ದರು. ತಾಯಿ ಸಾರಿಗೆ ಬೆಲ್ಲ ಎಷ್ಟು ಹಾಕುತ್ತಿದ್ದಳು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡಿದ್ದರು, ಎಲ್ಲವೂ ಅಕ್ಕನಿಗೆ ಒಂದು ನೆನಪು, ತಂಗಿಗೆ ಇನ್ನೊಂದು. ಆ ಅಕ್ಕ ತೀರಿಕೊಂಡರು. ಕಲೂರಿನಲ್ಲಿ ಇವರ ಮಗಳಿದ್ದಾಳೆ, ಒಳ್ಳೆಯವಳು, ಭಾನುವಾರ ಬರುತ್ತಾಳೆ. ಮೊಮ್ಮಗನಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳಂ. "ಸಂಜಿ ಆತು ಅಂದ್ರ ಫೋನ್ ಸುಮ್ನ ಬಿದ್ದಿರ್ತದರೀ. ಆ ಹೊತ್ತಿಗೆ ಏನರ ಮಾಡಬೇಕಲ್ಲ ಅಂತ ಕ್ಲಾಸ್ ತಗೊಂಡೆ. ಎಲ್ಲಾರ್ಗೂ ಖುಷಿ ಅದೀವಿ ಅಂತ ಹೇಳ್ಲಿಕ್ಕೆ ಕಲಿಸಿದೆ. ಮನಿಗೆ ಬಂದ್ರ ಬಾಯಾಗ ತುತ್ತು ಇಳೀತಿದ್ದಿಲ್ಲ."

"ಯಜಮಾನರ ಹತ್ರ ಜಗಳಾಡಬಹುದಿತ್ತಲ್ಲ?"

"ಅವರು ಒಪ್ಪಿಬಿಡ್ತಾರರೀ" ಎಂದರು. ಹಾಗೆಂದು ಅತ್ತರು. ನನಗೂ ಕಣ್ಣು ತುಂಬಿತು. ನಮ್ಮ ಕೆಲಸದಲ್ಲಿ ಅದು ಕೂಡದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಅಂಕ ಕೂಡಿಸಿಕೊಂಡು ಹೊರಬಂದೆ. ಪರದೆಯ ಆಚೆ ದೇಶಪಾಂಡೆಯವರು ನಿಂತಲ್ಲೇ ನಿಂತಿದ್ದರು. ಎಲ್ಲ ಕೇಳಿಸಿತ್ತು. ಏನು ಕೇಳಬೇಕೋ ತಿಳಿಯದೆ "ಎಷ್ಟು ಬಂತರೀ?" ಎಂದರು.

"ಫೇಲು."

ಅವರು ಸ್ಟೂಲಿನ ಮೇಲೆ ಕುಳಿತರು. ಮೆಲ್ಲಗೆ ಹೇಳಿದರು: "ನನಗೂ ಇನ್ನೊಮ್ಮೆ ಕೇಳ್ರಿ. ನಾನೂ ಅವತ್ತು ಸರಿ ಉತ್ತರಾನ ಹೇಳಿದ್ದು."

ಬಿ ಟ್ವೆಲ್ವ್ ಇಂಜೆಕ್ಷನ್ ಕೊಟ್ಟ ಮರುದಿನ ಸುಶೀಲಾಬಾಯಿ ನಗುತ್ತಾ ಎದ್ದರು ಎಂದು ಬರೆದರೆ ನೀವು ನಂಬಬೇಡಿ. ಬಿ ಟ್ವೆಲ್ವ್ ಕೆಲವು ವಾರಕ್ಕೆ ಮೇಲೆ ಬಂತು, ಮನಸ್ಸು ಬರಲಿಲ್ಲ. ಅದಕ್ಕೆ ಬೇರೆ ಡಾಕ್ಟರು, ಬೇರೆ ಗುಳಿಗೆ, ತಿಂಗಳುಗಟ್ಟಲೆ ಕಾಲ ಬೇಕಾಯಿತು. ಮನಸ್ಸಿನ ಡಾಕ್ಟರ ಹತ್ತಿರ ಹೋಗುವಾಗ ಲಿಫ್ಟಿನಲ್ಲಿ ಯಾರಾದರೂ ಎಲ್ಲಿಗೆ ಎಂದು ಕೇಳಿದರೆ, ದೇಶಪಾಂಡೆಯವರು ಇದ್ದದ್ದನ್ನೇ ಗಟ್ಟಿಯಾಗಿ ಹೇಳುತ್ತಿದ್ದರಂತೆ. ಮಧ್ಯಾಹ್ನದ ನಿದ್ದೆ ಬಿಟ್ಟು ಹೆಂಡತಿಯ ಎದುರು ಕುಳಿತು ಊಟ ಮಾಡಿಸಿದರು. ಜಗಳಾಡಲೂ ಪ್ರಯತ್ನಪಟ್ಟರು. ಒಂದು ದಿನ ಧೈರ್ಯ ಮಾಡಿ "ಸಾರಿಗೆ ಬೆಲ್ಲಾನ ಬ್ಯಾಡ" ಎಂದರಂತೆ. ಹೆಂಡತಿ ಕೆರಳಿ ಕಾಲು ಗಂಟೆ ಮಾತಾಡಿದರು. ಕೊನೆಗೆ ಇವರು ಒಪ್ಪಿಬಿಟ್ಟರು.

ಆವತ್ತು ಸಂಜೆ ನನಗೆ ಸುಶೀಲಾಬಾಯಿಯ ಮೊದಲ ಫೋನ್ ಬಂತು. "ನಿಮ್ಮ ಕುಂಬಳ್ಯಾಗ ಸಾರಿಗೆ ಬೆಲ್ಲ ಹಾಕ್ತಾರೋ ಇಲ್ಲೋ?"

"ನಾವು ಕಾಯಿ ಅರೆದು ಹಾಕ್ತೇವೆ."

"ಸಾರಿಗೆ ಕಾಯಿ? ಅದು ಸಾರಲ್ಲರೀ, ಹುಳಿ."

"ಎಂತ ಹುಳಿ? ಅದೇ ಸಾರು ಮಾರಾಯ್ರೆ."

ಆ ಚರ್ಚೆ ಇನ್ನೂ ಮುಗಿದಿಲ್ಲ. ಮೆಟ್ರೋದಲ್ಲಿ ಆ ಹುಡುಗಿಯರು ಕೇಳಿಸಿಕೊಂಡದ್ದು ಅದರ ಇತ್ತೀಚಿನ ಭಾಗ.

ಒಂದು ವರ್ಷ ಕಳೆದ ಮೇಲೆ, ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ, ಏಲಿಯಾಮ್ಮ ಮೇಡಂ ಆ ಅಪಾರ್ಟ್‌ಮೆಂಟಿಗೆ ಇನ್ನೊಂದು ಅವಕಾಶ ಕೊಟ್ಟರು. ಯಾರೂ ಮುಂಚಿತವಾಗಿ ಯಾವ ಜೀವಸತ್ವದ ಗುಳಿಗೆಯನ್ನೂ ನುಂಗಕೂಡದು, ಯಾರೂ ಯಾರಿಗೂ ಉತ್ತರ ಕಲಿಸಕೂಡದು ಎಂದು ನಾನೇ ಹೋಗಿ ಹಾಲ್‌ನಲ್ಲಿ ನಿಂತು ಹೇಳಿದೆ. ಮುಂದಿನ ಸಾಲಿನಲ್ಲಿ ಕುಳಿತ ಸುಶೀಲಾಬಾಯಿ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದರು. ಅವರ ಇಂಜೆಕ್ಷನ್ ನಿಂತು ಎಷ್ಟೋ ತಿಂಗಳಾಗಿತ್ತು. ಊಟದಿಂದಲೇ ಎಷ್ಟು ಉಳಿದಿದೆ ಎಂದು ನೋಡಬೇಕಿತ್ತು. 

ಈ ಸಲ ಬಂದದ್ದು ಮನುಷ್ಯರ ಅಂಕಿಗಳು. ಅಂಕಗಳೂ ಹಾಗೆಯೇ, ಕೆಲವು ಮೇಲೆ, ಕೆಲವು ಕೆಳಗೆ. ಮ್ಯಾಥ್ಯೂ ಸಾರ್ ತಮಗೆ ನಿದ್ದೆಯೇ ಬರುವುದಿಲ್ಲ ಎಂದು ಒಪ್ಪಿಕೊಂಡಿದ್ದರು. ದೇಶಪಾಂಡೆಯವರು ಅರ್ಧಕ್ಕರ್ಧ ಪ್ರಶ್ನೆಗೆ "ಕೆಲವೊಮ್ಮೆ" ಎಂದಿದ್ದರು. ಒಂದೇ ಒಂದು ಸಾಲಿನಲ್ಲಿ ಬಿ ಟ್ವೆಲ್ವ್ ಜಾಗದಲ್ಲಿ ಅಂಕಿ ಇರಲಿಲ್ಲ. "ನನ್ನ ಮಿತಿಗಿಂತ ಹೆಚ್ಚು" ಎಂಬ ಬಾಣದ ಗುರುತಿತ್ತು. ಎರಡನೇ ಸಲ ಓಡಿಸಿದೆವು, ಬಾಣ ಅಲ್ಲೇ ಇತ್ತು. ಅದು ಯಾರೆಂದು ಈ ಸಲ ಕೇಳಬೇಕಾಗಿರಲಿಲ್ಲ. ಆ ಸಂಖ್ಯೆ ನನಗೂ ಮೇಡಂಗೂ ಬಾಯಿಪಾಠವಾಗಿತ್ತು.

ಮೇಡಂ ಎದುರೇ ಫೋನ್ ಮಾಡಿದೆ. "ಸುಶೀಲಾಬಾಯಿ, ಗುಳಿಗೆ ತಿಂದ್ರಾ ನೀವು?"

ಆ ಕಡೆಯಿಂದ ಮೆಲುದನಿಯಲ್ಲಿ ಉತ್ತರ ಬಂತು: "ಒಂದ್ ಸ್ವಲ್ಪ ದಿನಾ ಅಷ್ಟ ರೀ. ಹ್ವಾದ ವರ್ಷ ಫೇಲಾಗಿದ್ನಲ್ಲಾ, ಈ ವರ್ಷರ ಪಾಸಾಗೋಣಂತ."

ಏನಂತೆ ಎಂದು ಮೇಡಂ ಕೇಳಿದರು. ನಾನು ಹೇಳಿದೆ. ಅವರು ಸ್ಕೇಲನ್ನು ಆ ಸಾಲಿನ ಕೆಳಗೆ ಇಟ್ಟುಕೊಂಡು ಬಹಳ ಹೊತ್ತು ಬಾಣದ ಗುರುತನ್ನೇ ನೋಡಿದರು.

"ಸ್ಯಾಂಪಲ್ ಹಾಳು. ತೆಗೆದುಹಾಕು" ಎಂದರು. ಮತ್ತೆ ಸ್ಕೇಲನ್ನು ಮೇಜಿನ ಮೇಲಿಟ್ಟು "ಓಕೆ" ಎಂದರು.

ನಾನು ತೆಗೆದುಹಾಕಿದೆ. ನನ್ನ ಇಡೀ ಕೆಲಸದಲ್ಲಿ ಇಷ್ಟು ಖುಷಿಯಿಂದ ಎಸೆದ ರಕ್ತ ಬೇರೆ ಇಲ್ಲ.